ಅತ್ತೆಯನ್ನು ಮಲಗಿಸಿದ ವರ್ಷ

ತಿಕೋಟಾ
ನವೆಂಬರ್ ೧೯೭೬

ಅತ್ತೆ ಶಂಕ್ರೆವ್ವನವರಿಗೆ,

ನಿಮ್ಮನ್ನು ಮಣ್ಣು ಮಾಡಿ ಇಪ್ಪತ್ತು ದಿನವಾಯಿತು. ನಿಮ್ಮೆದುರು ಆಡಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಎಪ್ಪತ್ತೊಂದನೆಯ ವಯಸ್ಸಿನಲ್ಲೂ ನೀವು ನಸುಕಿಗೆದ್ದು ಜೋಳ ಬೀಸುತ್ತಿದ್ದಿರಿ. ಊರಿಗೆ ಗಿರಣಿ ಬಂದಿದ್ದರೂ ಅದರ ಹಿಟ್ಟು ನಿಮಗೆ ಸೇರುತ್ತಿರಲಿಲ್ಲ. ಬಾವಿಯಿಂದ ಎರಡು ಕೊಡ ನೀರು, ಆಮೇಲೆ ಹೊಲದ ತನಕ ನಡಿಗೆ, ಸಂಜೆ ಒಂದೇ ರೊಟ್ಟಿಗೆ ಊಟ ಮುಗಿಸಿ ಮಲಗುವುದು. ನಾನು ನಲವತ್ತೆಂಟಕ್ಕೇ ಮೊಣಕಾಲು ಬಾತು, ಗೋಡೆ ಹಿಡಿದು ಏಳುತ್ತಿದ್ದೆ. ಬಬಲೇಶ್ವರದ ಬಸ್ಸಿನಲ್ಲಿ ಯಾರೋ ಒಬ್ಬಳು ನಿಮಗೆ, "ನಿಮ್ಮ ಅಕ್ಕಾಗ ಕೂಡಾಕ ಜಾಗಾ ಕೊಡ್ರಿ" ಎಂದಳು. ನೀವು ಎದ್ದು ನನಗೆ ಜಾಗ ಕೊಟ್ಟಿರಿ, ಅವಳನ್ನು ತಿದ್ದಲಿಲ್ಲ. ಮರುದಿನ ಬಾವಿಯ ಹತ್ತಿರ ಎಲ್ಲರಿಗೂ ಹೇಳಿ ನಗಿಸಿದಿರಿ. ಓಣಿಯ ಹೆಂಗಸರು ವರ್ಷವಿಡೀ ನನ್ನನ್ನು ‘ಅಕ್ಕಾರ’ ಎಂದೇ ಕರೆದರು.

ಹೋದ ವರ್ಷ ದೀಪಾವಳಿಗೆ ಮುಂಚೆ ನೀವು ಜಾರಿಬಿದ್ದಿರಿ. ನಿಮ್ಮ ಮಗನಿಗೆ ಅಂಗಡಿ ಬಿಟ್ಟು ಬರಲಾಗಲಿಲ್ಲ. ಬಿಜಾಪುರಕ್ಕೆ, ಗೋಳಗುಮ್ಮಟದ ಹತ್ತಿರದ ಡಾಕ್ಟರ ಕಡೆಗೆ ನಾನೇ ಕರೆದೊಯ್ದೆ. ನೀವು ಪರದೆಯ ಆಚೆ ಸೀರೆ ಸರಿಮಾಡಿಕೊಳ್ಳುತ್ತಿದ್ದಾಗ ಅವರು ನನಗೆ ಹೇಳಿದರು: "ಎಲುಬು ಮುರದಿಲ್ಲ. ಇವರ ಮೈ ಐವತ್ತರದು ಐತಿ. ಕೆಲಸ ಮಾತ್ರ ಬಿಡಿಸಬ್ಯಾಡ್ರಿ. ಬಿಡಿಸಿದ್ರ ಆರ ತಿಂಗಳಾಗ ಮುದುಕಿ ಆಗ್ತಾರ."

ಮನೆಗೆ ಬಂದು ನಿಮ್ಮ ಮಗನಿಗೆ ಬೇರೆಯೇ ಹೇಳಿದೆ. ಇನ್ನು ಇವರು ಹಾಸಿಗೆ ಬಿಟ್ಟು ಏಳಬಾರದಂತೆ, ಎದ್ದರೆ ಜೀವಕ್ಕೇ ಅಪಾಯವಂತೆ ಎಂದೆ. ಅವರು ಅಂದೇ ಬೀಸುಕಲ್ಲನ್ನು ಹಿತ್ತಲಿಗೆ ಹಾಕಿಸಿದರು. ನೀವು ಜಗಳ ತೆಗೆಯುತ್ತೀರಿ ಎಂದುಕೊಂಡಿದ್ದೆ. ನನ್ನನ್ನು ಒಮ್ಮೆ ನೋಡಿದಿರಿ, ಸುಮ್ಮನೆ ಮಲಗಿದಿರಿ.

ಸಂಕ್ರಾಂತಿಗೆ ನಿಮ್ಮ ಮೀನಖಂಡ ಜೋತುಬಿದ್ದಿತ್ತು. ಯುಗಾದಿಗೆ ಗೋಡೆ ಹಿಡಿದರೂ ನಿಲ್ಲಲಾಗುತ್ತಿರಲಿಲ್ಲ. ನನಗೆ ಸಂತೋಷವಾಯಿತು, ಸುಳ್ಳು ಬರೆಯುವುದಿಲ್ಲ. ಕನ್ನಡಿ ತಂದು ನಿಮ್ಮ ಮುಖ ನಿಮಗೆ ತೋರಿಸಿದ್ದೂ ಬೇಕೆಂದೇ. ಓಣಿಯವರು ಇಂಥ ಸೊಸೆ ಎಲ್ಲೂ ಸಿಗುವುದಿಲ್ಲ ಎಂದರು. ಆದರೆ ನನ್ನ ಆ ಬಾತ ಮೊಣಕಾಲಿನಲ್ಲಿ ದಿನಕ್ಕೆ ಹತ್ತು ಸಲ ಬಗ್ಗಿ ನಿಮ್ಮ ಹಾಸಿಗೆ ಬದಲಿಸಿದವಳೂ ನಾನೇ. ಒಣಬಟ್ಟೆ ಹಾಸಿ ಬೆನ್ನು ತಿರುಗಿಸುವಷ್ಟರಲ್ಲಿ ನೀವು ಮತ್ತೆ ಒದ್ದೆ ಮಾಡುತ್ತಿದ್ದಿರಿ. ವಯಸ್ಸಾಯಿತು ಎಂದುಕೊಂಡೆ.

ಸಾಯುವ ಹಿಂದಿನ ದಿನ ಕೈಸನ್ನೆ ಮಾಡಿ ಹತ್ತಿರ ಕರೆದಿರಿ.

"ಡಾಕ್ಟರು ಅಂದದ್ದು ನನಗ ಕೇಳಿತ್ತು" ಎಂದಿರಿ. "ನೀ ನನ್ನ ಮಲಗಸಬೇಕಂದಿ. ನಾ ಮಲಗಿ, ನಿನ್ನ ಕಡಿಂದ ಉಚ್ಚಿ ಬಳಿಸೇನಿ. ಮದಲ ಬೇಕಂತನ ಮಲಗಿದ್ದೆ. ಆಮ್ಯಾಲ ಏಳಾಕ ಬರಲಿಲ್ಲ."

ನಿಮ್ಮ ಬಾಯಿಗೆ ನೀರು ಬಿಟ್ಟೆ. ಅರ್ಧ ಕೆನ್ನೆಗುಂಟ ಇಳಿದುಹೋಯಿತು.

ಕೊನೆಯ ಸ್ನಾನ ಮಾಡಿಸುವಾಗ ನಿಮ್ಮ ತೊಡೆ ನನ್ನ ತೋಳಿನಷ್ಟೂ ಇರಲಿಲ್ಲ. ಮಗಳಾದವಳೂ ಇಷ್ಟು ಮಾಡುತ್ತಿರಲಿಲ್ಲ ಎಂದು ನಿಮ್ಮ ಮಗ ಎಲ್ಲರೆದುರು ನನ್ನನ್ನು ಹೊಗಳಿ ಅತ್ತರು. ನಾನು ತಡೆಯಲಿಲ್ಲ.

ಕ್ಷಮೆ ಕೇಳುವುದಿಲ್ಲ, ನೀವೂ ಕೇಳಲಿಲ್ಲ. ಮತ್ತೆ ಹುಟ್ಟುವುದಿದ್ದರೆ ಗಟ್ಟಿ ಮೈ ಪಡೆದು ಹುಟ್ಟಿರಿ, ನೂರು ವರ್ಷ ಓಡಾಡಿಕೊಂಡಿರಿ. ನಾನಿದ್ದ ಮನೆಗೆ ಮಾತ್ರ ಬರಬೇಡಿ.

ನಿಮ್ಮ ಸೊಸೆ,
ತಾಯವ್ವ