ವಾಲ್ಬುರ್ಗಾಳ ಕೆನ್ನೆ

ಅಮ್ಮಾ,

ನೀನು ಹೋದ ಮೇಲೂ ಊಟದ ಕೋಣೆಯ ಗೋಡೆಯಲ್ಲೇ ಇದ್ದ ವಾಲ್ಬುರ್ಗಾಳ ಚಿತ್ರವನ್ನು ಇವತ್ತು ಬಾಂಬೆರ್ಗ್‌ಗೆ ಒಯ್ದಿದ್ದೆ. ಇನ್ನೂರೈವತ್ತು ವರ್ಷದ ಹಿಂದೆ ಅವಳನ್ನು ಬರೆದವನ ಹೆಸರು ಗೊತ್ತಿಲ್ಲ, ಅವಳ ಹೆಸರೂ ಗೊತ್ತಿಲ್ಲ. ವಾಲ್ಬುರ್ಗಾ ಎಂದು ಕರೆದವಳು ನೀನೇ. ಹಳೆಯ ಚಿತ್ರಗಳನ್ನು ಸರಿಪಡಿಸುವ ಶ್ರೀಮತಿ ಹೆಲ್ಡ್ ಕನ್ನಡಕ ಏರಿಸಿ ನೋಡಿದರು. “ಕೆನ್ನೆ ಬಣ್ಣವೆಲ್ಲ ಹೋಗಿದೆಯಲ್ಲ, ಏನ್ ಹಾಕಿ ಉಜ್ಜಿದ್ರಿ?”

“ಆಲೂಗಡ್ಡೆ,” ಎಂದೆ.

“ನಮ್ಮಜ್ಜೀನೂ ಅದನ್ನೇ ಮಾಡ್ತಿದ್ಳು. ಅಂಥ ಅಜ್ಜೀರ ದೆಸೆಯಿಂದಲೇ ನನ್ನ ಹೊಟ್ಟೆ ತುಂಬ್ತಿರೋದು.”

ಪ್ರತಿ ಈಸ್ಟರ್‌ನ ಹಿಂದಿನ ದಿನ ಇಬ್ಬರೂ ಸೇರಿ ಅವಳನ್ನು ಗೋಡೆಯಿಂದ ಇಳಿಸುತ್ತಿದ್ದೆವು; ನಾನು ಚೌಕಟ್ಟು ಹಿಡಿದಿರುತ್ತಿದ್ದೆ, ನೀನು ಹಸಿ ಆಲೂಗಡ್ಡೆಯ ಹೋಳಿನಿಂದ ಅವಳ ಮುಖ ತಿಕ್ಕುತ್ತಿದ್ದೆ. “ಸರಿಯಾಗಿ ಹಿಡ್ಕೊಳ್ಳೇ. ಹಬ್ಬದ ದಿನ ಮುಖ ತೊಳೀದೆ ಕೂರ್ತಾಳಾ ಇವಳು?” ಎಂದು ಗದರುತ್ತಿದ್ದೆ. ಉಳಿದರ್ಧ ಸೂಪಿಗೆ ಬೀಳುತ್ತಿತ್ತು. ನಾನು ಹ್ಯಾಂಬರ್ಗ್ ಸೇರಿದ ಮೇಲೆ ನೀನು ಫೋನಿನಲ್ಲಿ, “ಈ ಸಲ ಬಾರದಿದ್ರೂ ಪರವಾಗಿಲ್ಲ ಬಿಡು, ಅವಳೇನ್ ಭಾರ ಇಲ್ಲ,” ಎನ್ನುತ್ತಿದ್ದೆ.

ಶ್ರೀಮತಿ ಹೆಲ್ಡ್ ಚೌಕಟ್ಟಿನ ಒಡೆದ ಮೂಲೆಯ ಮೇಲೆ ಬೆರಳಾಡಿಸಿದರು. “ಇಷ್ಟು ಭಾರದ್ದನ್ನ ಯಾರೋ ಒಬ್ರೇ ಇಳಿಸೋಕೆ ಹೋಗಿದಾರೆ. ಇದನ್ನೂ ಸರಿಮಾಡ್ಲಾ?”

“ಕೆನ್ನೆ ಮಾಡಿ,” ಎಂದೆ. “ಮೂಲೆ ಹಾಗೇ ಇರ್ಲಿ.”