ನೀರು ಹಾಕ್ಕೊಂಡು ಓಡಿಸ್ತೀನಿ ಬಿಡಿ

ಅಣ್ಣನಿಗೆ,

ನಿನ್ನ ಕಾರು ಸೇತುವೆಯ ಕೆಳಗೆ, ನಿನ್ನ ಮಾಮೂಲಿ ಗ್ಯಾರೇಜಿನಲ್ಲಿದೆ. ಬಂದು ತೆಗೆದುಕೊಂಡು ಹೋಗು. ನಾನಂತೂ ಇನ್ನು ಅದನ್ನು ಮುಟ್ಟುವುದಿಲ್ಲ.

ಅಮ್ಮನ ಕಣ್ಣಿನ ಆಪರೇಷನ್ ಮುಗಿಸಿಕೊಂಡು ಆಸ್ಪತ್ರೆಯಿಂದ ಹೊರಟಿದ್ದೆವು. ಸೇತುವೆ ಏರುವಾಗ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿತು. ಬಾನೆಟ್ಟಿನಿಂದ ಹಬೆ ನುಗ್ಗಿತು, ಗಾಡಿ ಅಲ್ಲೇ ನಿಂತಿತು. ಬೆಂಕಿಯೇ ಹತ್ತಿತೆಂದು ಹೆದರಿ ಅಮ್ಮನನ್ನು ಕೈಹಿಡಿದು ಇಳಿಸಿದೆ. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಲಾರಿಗಳು ಎಬ್ಬಿಸುವ ಧೂಳಿನಲ್ಲಿ ಅವಳು ತಡೆಗೋಡೆಗೆ ಒರಗಿ ನಿಂತಿದ್ದಳು. ಆಗಲೂ ನಿನ್ನ ಪರವೇ! "ಪಾಪ, ಅವನಿಗೇನು ಗೊತ್ತು? ಗೊತ್ತಿದ್ರೆ ಕೊಡ್ತಿದ್ನಾ?"

ಗಾಡಿ ಎಳೆಸಿಕೊಂಡು ಗ್ಯಾರೇಜಿಗೆ ಹೋದರೆ, ಮೆಕ್ಯಾನಿಕ್ ಕಾರು ನೋಡಿದ್ದೇ ತಲೆ ಚಚ್ಚಿಕೊಂಡ. "ವಾಟರ್ ಪಂಪಿನ ಸೀಲ್ ಸೋರ್ತಿದೆ, ಓಡಿಸ್ಬೇಡಿ ಅಂತ ಹೋದ ತಿಂಗಳೇ ಹೇಳಿದ್ನಲ್ಲಮ್ಮ! ನಿಮ್ಮಣ್ಣ, ನೀರು ಹಾಕ್ಕೊಂಡು ಓಡಿಸ್ತೀನಿ ಬಿಡಿ ಅಂದ್ರು."

ಹೇಗೆ ಮನಸ್ಸು ಬಂತು ನಿನಗೆ? ಕೀ ಕೊಡುವಾಗ ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಗೊತ್ತಿರಲಿಲ್ಲ ಎಂದು ಅಮ್ಮನ ಮುಂದೆ ನಾಟಕ ಆಡಬೇಡ. ಅವಳು ಪಕ್ಕದಲ್ಲೇ ಕುಳಿತು ಎಲ್ಲ ಕೇಳಿಸಿಕೊಂಡಳು. ಈಗಲಾದರೂ ನಿನಗೆ ಬೈಯುತ್ತಾಳೆಂದು ಕಾದೆ. ಅವಳು ಮೆಕ್ಯಾನಿಕ್‌ನನ್ನು ಕೇಳಿದ್ದು ಒಂದೇ: "ಇಷ್ಟು ದಿನ ಅವನೊಬ್ನೇ ಓಡಿಸ್ತಿದ್ನಲ್ಲಪ್ಪ, ಅವನಿಗೇನಾದ್ರೂ ಆಗಿದ್ರೆ?"

ನನಗೆ ಮೈಯೆಲ್ಲ ಉರಿದುಹೋಯಿತು.

ಸೋಮವಾರ ಅವಳನ್ನು ಡಾಕ್ಟರಿಗೆ ತೋರಿಸಬೇಕು. ನೀನೇ ಬಾ, ಟ್ಯಾಕ್ಸಿಯಲ್ಲಿ. ನನ್ನ ಜೊತೆ ಮಾತ್ರ ಮಾತಾಡಬೇಡ.

ನಿನ್ನ ತಂಗಿ