ಬೋರ್ಡಿಗೆ ಸೊನ್ನೆ ಪಾಯಿಂಟ್ ಎರಡು

ಮಾರ್ಚ್ 3, ಬೆಳಿಗ್ಗೆ 5.40

ಪೂಲಿನ ನೀರು ಟ್ಯೂಬಿಗೆ ತೆಗೆದೆ, ಪರೀಕ್ಷೆಯ ಮಾತ್ರೆ ಹಾಕಿದೆ, ಕುಲುಕಿದೆ. ಗುಲಾಬಿ ಬಣ್ಣ ಗಾಢವಾಗುತ್ತಲೇ ಹೋಯಿತು. ಹಾಳಾದ್ದು.

ನಿಜ: 0.9. ಬೋರ್ಡಿಗೆ: 0.2.

0.5 ದಾಟಿದರೆ ಪೂಲ್ ಮುಚ್ಚಬೇಕೆಂದು ನಿಯಮ. ಮ್ಯಾನೇಜರ್ ಕೋಣೆಯ ಗೋಡೆಯ ಮೇಲಿದೆ, ಫ್ರೇಮ್ ಹಾಕಿಸಿದ್ದಾರೆ. ಬಾಗಿಲ ಬಳಿಯ ಬೋರ್ಡಿಗೆ ದಿನದ ಅಂಕಿ ಬರೆಯುವವನು ನಾನು.

ನಿನ್ನೆ ಆರು ಗಂಟೆ ಬ್ಯಾಚಿನ ಹೆಂಗಸೊಬ್ಬರು ಬಾಗಿಲಲ್ಲೇ ಮೂಗರಳಿಸಿ, "ಆಹಾ, ಎಷ್ಟು ಕ್ಲೀನ್ ವಾಸನೆ!" ಎಂದರು. ಅಮ್ಮಾ ತಾಯಿ, ಅದು ಕ್ಲೀನ್ ವಾಸನೆಯಲ್ಲ. ಮೈ ತೊಳೆಯದೆ ಇಳಿದವರ ಬೆವರು, ನೀರಲ್ಲೇ ಮುಗಿಸಿದವರ ಉಚ್ಚೆ. ಅದರಿಂದ ಬರುವ ಅಮೋನಿಯಾ ಕ್ಲೋರಿನ್ ಜೊತೆ ಸೇರಿದರೆ ಕ್ಲೋರಮೈನ್. ನಾನು ಅಳೆಯುವುದು ಅದನ್ನೇ. ಕಣ್ಣು ಉರಿಸುವುದೂ ಅದೇ, ಎದೆ ಕಟ್ಟಿಸುವುದೂ ಅದೇ.

ಸ್ಟೋರ್ ರೂಮಿನಲ್ಲಿ ಗಾಜು ಒರೆಸುವ ಅಮೋನಿಯಾ ಬಾಟಲಿ ಒಂದು ಕಪಾಟಿನಲ್ಲಿ, ಬ್ಲೀಚ್ ಇನ್ನೊಂದರಲ್ಲಿ. ಎರಡಕ್ಕೂ ಬೇರೆ ಬೇರೆ ಬೀಗ. ಅಲ್ಲಿ ಬೀಗ ಹಾಕಿ ದೂರ ಇಡುತ್ತೇವೆ, ಇಲ್ಲಿ ಟಿಕೆಟ್ ಕೊಟ್ಟು ಸೇರಿಸುತ್ತೇವೆ. ಭೇಷ್!

ಮಾರ್ಚ್ 4

ನಿಜ: 1.0. ಬೋರ್ಡಿಗೆ: 0.2.

ಮ್ಯಾನೇಜರ್ ಮುಂದೆ ನಿಂತು ಕೇಳಿದೆ. ಎಕ್ಸಾಸ್ಟ್ ಫ್ಯಾನ್ ಆದರೂ ಹಾಕಿಸಿ ಸಾರ್, ಎರಡು ದಿನ ಮುಚ್ಚಿ, ನೀರು ಸರಿ ಮಾಡುತ್ತೇನೆ ಎಂದೆ.

"ಫ್ಯಾನ್ ಹಾಕಿದ್ರೆ ಚಳಿ ಅಂತಾರೆ ಕಣ್ರೀ. ವಾಸನೆ ಇದ್ರೇನೇ ಜನಕ್ಕೆ ನಂಬಿಕೆ. ನಿಮ್ಮ ಮಗಳು ಫ್ರೀ ಆಗಿ ಈಜ್ತಿದಾಳಲ್ಲ, ಅವಳಿಗೇನಾದ್ರೂ ಆಗಿದ್ಯಾ?"

ಸರಿಯಾದ ಜಾಗಕ್ಕೇ ಕೈ ಹಾಕಿದ. ಬಾಯಿ ಮುಚ್ಚಿಕೊಂಡು ಬಂದೆ. 28ಕ್ಕೆ ಈಜು ತಂಡಕ್ಕೆ ಅವಳ ಸೆಲೆಕ್ಷನ್.

ಮಾರ್ಚ್ 11

ನಿಜ: 1.4. ಬೋರ್ಡಿಗೆ: 0.2.

ಕಪ್ಪೆ ರಾತ್ರಿಯೆಲ್ಲ ಕೆಮ್ಮಿದಳು. (ಮಗಳನ್ನು ಮನೆಯಲ್ಲಿ ಕರೆಯುವುದೇ ಹಾಗೆ. ನಾಲ್ಕು ವರ್ಷಕ್ಕೇ ನೀರಿಗೆ ಹಾರಿದವಳು.) ಹೆಂಡತಿ ಶೀತ ಎಂದಳು. ನಾನೂ ಹೂಂಗುಟ್ಟಿದೆ. ಹೂಂಗುಟ್ಟುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಮಾರ್ಚ್ 12

"ಎರಡು ದಿನ ರೆಸ್ಟ್ ತಗೋ ಪುಟ್ಟಾ."

"ಯಾಕಪ್ಪಾ? ನೀನೇ ಹೇಳು, ನೀರು ಚೆನ್ನಾಗಿಲ್ವಾ?"

"ನೀರು ಚೆನ್ನಾಗೇ ಇದೆ."

"ಮತ್ತೆ?"

ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೋದಳು.

ಮಾರ್ಚ್ 20, ಮಧ್ಯಾಹ್ನ, ಆಸ್ಪತ್ರೆ ಕಾರಿಡಾರ್

ನಿನ್ನೆ 1.8 ಇತ್ತು. ಬೋರ್ಡಿಗೆ... ಬರೆಯಲೇಬೇಕೇ?

ಕಪ್ಪೆ ಹತ್ತನೇ ಸುತ್ತಿಗೆ ಅಂಚು ಹಿಡಿದು ನಿಂತಳಂತೆ. ಉಸಿರು ಎಳೆಯುತ್ತಿದ್ದಾಳೆ, ಒಳಗೆ ಹೋಗುತ್ತಿಲ್ಲ. ಕೋಚ್ ಎತ್ತಿ ಹೊರಗೆ ಮಲಗಿಸಿದರು. ಫಿಲ್ಟರ್ ರೂಮಿನಿಂದ ಓಡಿ ಬಂದೆ. ತುಟಿ ನೀಲಿ.

ಇವತ್ತು ಪರವಾಗಿಲ್ಲ. ಡಾಕ್ಟರ್ ಕೇಳಿದರು, "ಪೂಲಲ್ಲಿ ಗಾಳಿ, ನೀರು ಎಲ್ಲ ಸರಿ ಇದ್ಯಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮಾಸ್ಕ್ ಸರಿಸಿ ಹೇಳಿದಳು. "ದಿನಾ ಸೊನ್ನೆ ಪಾಯಿಂಟ್ ಎರಡು ಡಾಕ್ಟ್ರೆ. ನಮ್ಮಪ್ಪನೇ ಬರೆಯೋದು. ನಾನು ಬೋರ್ಡ್ ನೋಡ್ದೆ ನೀರಿಗೆ ಇಳಿಯಲ್ಲ."

ಡಾಕ್ಟರ್ ನನ್ನ ಕಡೆ ತಿರುಗಿದರು. ಹೌದೆಂದು ತಲೆಯಾಡಿಸಿದೆ.

ಥೂ ನನ್ನ ಜನ್ಮಕ್ಕೆ.

"ಹಾಗಾದ್ರೆ ಪೂಲ್ ಕಾರಣ ಅಲ್ಲ. ಇನ್‌ಹೇಲರ್ ಕೊಡ್ತೀನಿ, ಒಂದು ವಾರ ಬಿಟ್ಟು ಈಜಬಹುದು," ಎಂದು ಚೀಟಿ ಬರೆದುಕೊಟ್ಟರು. ನನ್ನ ತಲೆಯಾಟದ ಮೇಲೆ ಬರೆದ ಚೀಟಿ. ಜೇಬಿನಲ್ಲಿದೆ.

ಆ ಬೋರ್ಡನ್ನು ಯಾರೂ ಓದುವುದಿಲ್ಲ ಎಂದುಕೊಂಡಿದ್ದೆ. ಇಷ್ಟು ವರ್ಷ ಅದೇ ಧೈರ್ಯ. ಒಬ್ಬಳು ಓದುತ್ತಿದ್ದಳು.

ಮಾರ್ಚ್ 26

ಬ್ಯಾಗ್ ತುಂಬಿಕೊಳ್ಳುತ್ತಿದ್ದಾಳೆ. ಟವೆಲ್, ಕನ್ನಡಕ, ಟೋಪಿ, ಇನ್‌ಹೇಲರ್. ನಾಳೆ ಒಂದೇ ದಿನ ಪ್ರಾಕ್ಟೀಸ್, ನಾಡಿದ್ದು ಸೆಲೆಕ್ಷನ್.

"ಏನ್ರೀ, ಹೀಗೆ ಮುಖ ಗಂಟು ಹಾಕ್ಕೊಂಡು ಕೂತಿದೀರ? ಹುಷಾರಾಗಿದಾಳಲ್ಲ," ಎಂದಳು ಹೆಂಡತಿ.

ಹೇಳಲು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ನೀರು ಕುಡಿದೆ.

ಮಾರ್ಚ್ 27, ಬೆಳಿಗ್ಗೆ 5.50

2.1. ಎರಡು ಸಲ ನೋಡಿದೆ.

ಕಪ್ಪೆ ಬಟ್ಟೆ ಬದಲಿಸುತ್ತಿದ್ದಾಳೆ. ಹೊರಗೆ ಮ್ಯಾನೇಜರ್ ಸ್ಕೂಟರ್ ಸದ್ದು. ಸೀಮೆಸುಣ್ಣ ಹಿಡಿದೆ. ಕೈ ತಾನಾಗಿಯೇ ಸೊನ್ನೆ ಬರೆಯಿತು. ಒರೆಸಿದೆ. ಎರಡು ಬರೆದೆ. ಚುಕ್ಕೆ. ಒಂದು. ಕೆಳಗೆ ದಪ್ಪಕ್ಷರದಲ್ಲಿ: ಯಾರೂ ನೀರಿಗೆ ಇಳಿಯಬೇಡಿ.

6.25

ಮ್ಯಾನೇಜರ್ ಕೂಗಾಡಿ ಹೋದ. ನಾಳೆಯಿಂದ ಬರಬೇಡ ಎಂದ. ಬೋರ್ಡ್ ಅವನೇ ಒರೆಸಿದ, ಅಂಗೈಯಲ್ಲಿ. ಆದರೆ ಅಷ್ಟರಲ್ಲಿ ಅವಳು ಓದಿಯಾಗಿತ್ತು.

ಇಳಿಯಲಿಲ್ಲ. ಟೋಪಿ ಹಾಕಿಕೊಂಡೇ ಮೆಟ್ಟಿಲ ಮೇಲೆ ಕೂತಿದ್ದಾಳೆ, ನನ್ನಿಂದ ಎರಡು ಮೆಟ್ಟಿಲು ಕೆಳಗೆ. ತಿರುಗಿ ನೋಡದೆ ಕೇಳಿದಳು:

"ನಾನು ಬಿದ್ದ ದಿನ ಎಷ್ಟಿತ್ತಪ್ಪಾ?"

ಬರೆದಿಟ್ಟಿದ್ದೇನೆ ಎಂದೆ.

"ಎಲ್ಲಿ?"

ತಿರುಗಿ, ನನ್ನ ಮಡಿಲಲ್ಲಿದ್ದ ಈ ಪುಸ್ತಕ ನೋಡಿದಳು. ಕೈ ಚಾಚಿದಳು. ಇವತ್ತಿನದು ಮುಗಿಸಿ ಕೊಡುತ್ತೇನೆ ಎಂದಿದ್ದೇನೆ. ಚಾಚಿದ ಕೈ ಹಾಗೆಯೇ ಇದೆ. ಮೊದಲನೇ ಪುಟದಿಂದ ಓದುತ್ತಾಳೆ, ಆ ತಲೆಯಾಡಿಸಿದ ಪುಟಕ್ಕೆ ಬಂದಾಗ ನಾನು ಎಲ್ಲಿ ನೋಡಲಿ?